24 ಸೀಟಿನ ಬಾರಲ್ಲಿ ಸ್ಮೋಕಿಂಗ್ ಟೇಬಲ್ ಕೇಳಿದವ್ರಿಗೆ

ಗುರು, ನಿಮ್ದು 24 ಸೀಟು ಅಂತೀರ, ಮೂಲೇಲಿ ಎರಡು ಟೇಬಲ್ ಸೇದೋರಿಗೆ ಬಿಡಬಹುದಾ ಅಂತ ಕೇಳಿದೀರ. ಆಗಲ್ಲ. 2008ರ ಅಕ್ಟೋಬರ್ 2ರಿಂದ ಇರೋ ರೂಲ್ ಪ್ರಕಾರ 30 ಸೀಟಿಗಿಂತ ಕಮ್ಮಿ ಇದ್ರೆ ಸ್ಮೋಕಿಂಗ್ ಏರಿಯಾನೇ ಇಲ್ಲ. 30 ಅಥವಾ ಜಾಸ್ತಿ ಸೀಟು ಇದ್ರೂ ಅದು ಮೂಲೆ ಟೇಬಲ್ ಅಲ್ಲ, ನಾಕೂ ಕಡೆ ಸೂರಿನ ತನಕ ಗೋಡೆ, ತಾನಾಗೇ ಮುಚ್ಕೊಳ್ಳೋ ಬಾಗ್ಲು, ಹೊಗೆ ಹೊರಗೆ ಹೋಗೋಕೆ ಎಕ್ಸಾಸ್ಟು, ಇಷ್ಟೂ ಬೇಕು, ಮೇಲಾಗಿ 2017ರಿಂದ ಆ ರೂಮೊಳಗೆ ಪೆಗ್ಗು ಬಿಡಿ ಒಂದು ಪ್ಲೇಟ್ ಕಡ್ಲೆಬೀಜ ಮಸಾಲಾನೂ ಸಪ್ಲೈ ಮಾಡಂಗಿಲ್ಲ. ಫೈನು ಬರೀ 200 ಅಲ್ವಾ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ, ತಂಬಾಕು ಕಾಯ್ದೆಗೆ ಕರ್ನಾಟಕದ ತಿದ್ದುಪಡಿ ಬಂದ್ಮೇಲೆ ಅದು 1000 ಆಗಿದೆ.

ಗಿರಾಕಿ ಕಮ್ಮಿ ಆಗ್ತಾರೆ ಅನ್ನೋ ಭಯ ಅರ್ಥ ಆಗತ್ತೆ. ನಾನೂ ಮೂರು ವರ್ಷ ಒಂದು ಬಾರಲ್ಲಿ ಕ್ಯಾಶಿಯರ್ ಆಗಿದ್ದೆ, ಸೇದೋರು ಎದ್ದು ಹೊರಗೆ ಹೋಗಿ ಸೇದಿ ವಾಪಸ್ ಬಂದು ಇನ್ನೊಂದು ನೈಂಟಿ ಹೇಳೋರು ಅಷ್ಟೇ. ಅದಕ್ಕೂ ಮುಂಚೆ ಒಳಗೇ ಸೇದ್ತಿದ್ದಾಗ ಹೊಗೆ ಕುಡಿದಿದ್ದು ನಾವು ಮತ್ತೆ ಸಪ್ಲೈಯರ್ ಹುಡುಗ್ರು, ಒಂದು ಸಿಗರೇಟ್ ಮುಟ್ಟದೇ ಇದ್ರೂ ಮನೆಗೆ ಹೋದ್ರೆ ಹೆಂಡ್ತಿ ಶರ್ಟ್ ಮೂಸಿ ಬಾಗ್ಲಲ್ಲೇ ಬಿಚ್ಚಿಸೋಳು. ನನ್ ಕೇಳಿದ್ರೆ ದೊಡ್ಡ ಹೋಟ್ಲಿಗೆ ಕೊಟ್ಟಿರೋ ಆ ರೂಮ್ ವಿನಾಯ್ತಿನೂ ತೆಗೀಬೇಕು. ನೀವು ಸದ್ಯಕ್ಕೆ ಬೋರ್ಡ್ ಹಾಕಿ, ಟೇಬಲ್ ಮೇಲಿನ ಆಶ್‌ಟ್ರೇ ಎಲ್ಲಾ ಎತ್ತಿಡಿ, ಅದಿದ್ರೆ ಎಷ್ಟು ಬೋರ್ಡ್ ಹಾಕಿದ್ರೂ ಹಚ್ತಾರೆ.