ಕೊರಿಯನ್ ಪ್ರೇಮ ಧಾರಾವಾಹಿಗಳು ಲೋಕಕ್ಕೆಲ್ಲ ಯಾಕೆ ಹಿಡಿಸುತ್ತವೆ? ಅದೇ ಸೂತ್ರದಲ್ಲಿ ಕನ್ನಡಕ್ಕೊಂದು ಬರೆದರೆ ನಡೆಯುತ್ತದೆಯೇ?

ಸಿರಿವಂತ ಹುಡುಗ, ಹೂ ಮಾರುವವನ ಮಗಳು, ಮಳೆ, ಕೊಡೆ, ಹಿಂದೊಂದು ಹಾಡು. ಇವಿಷ್ಟನ್ನು ಸೇರಿಸಿ ಒನ್‌ಲೈನ್, ಅಂದರೆ ಕಥೆಯ ಎಳೆ, ಬರೆದಿಟ್ಟುಕೊಂಡಿದ್ದೀರಿ, ವಾಹಿನಿಗೆ ಕೊಡಲೇ ಎಂದು ಕೇಳುತ್ತಿದ್ದೀರಿ. ಈಗಲೇ ಕೊಡಬೇಡಿ. ಇಂಥದ್ದೇ ಒಂದನ್ನು ನಾನು ಕೊಟ್ಟಿದ್ದೆ. ಅವರು ಒಪ್ಪಿಕೊಂಡರು, ಅದು ಪ್ರಸಾರವೂ ಆಯಿತು.

ಆಗ ನಾನು ಬೆಂಗಳೂರಿನಲ್ಲಿ ಧಾರಾವಾಹಿಗಳಿಗೆ ಸಂಭಾಷಣೆ ಬರೆಯುತ್ತಿದ್ದೆ. ಬೇರೆಯವರ ಕಥೆ, ಬೇರೆಯವರ ಚಿತ್ರಕಥೆ. ಬೆಳಗ್ಗೆ ಸೀನ್ ಆರ್ಡರ್, ಅಂದರೆ ದೃಶ್ಯಗಳ ಪಟ್ಟಿ, ಬಂದರೆ ಸಂಜೆಯೊಳಗೆ ಮಾತು ತುಂಬಿ ಕಳಿಸಬೇಕು. 2020ರ ಲಾಕ್‌ಡೌನ್‌ನಲ್ಲಿ ಶೂಟಿಂಗ್ ನಿಂತು ಕೈ ಖಾಲಿಯಾಯಿತು. ತಂಗಿಯ ಒತ್ತಾಯಕ್ಕೆ ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯೂ’ ಎಂಬ ಕೊರಿಯನ್ ಧಾರಾವಾಹಿ ನೋಡಲು ಕೂತೆ. ದಕ್ಷಿಣ ಕೊರಿಯಾದ ಸಿರಿವಂತ ಮನೆತನದ ಯೂನ್ ಸೆ-ರಿ ಪ್ಯಾರಾಗ್ಲೈಡಿಂಗ್ ಮಾಡುವಾಗ ಬಿರುಗಾಳಿಗೆ ಸಿಕ್ಕಿ ಉತ್ತರ ಕೊರಿಯಾದಲ್ಲಿ ಬೀಳುತ್ತಾಳೆ, ಅಲ್ಲಿನ ಸೇನೆಯ ಕ್ಯಾಪ್ಟನ್ ಅವಳನ್ನು ಬಚ್ಚಿಟ್ಟು ಕಾಪಾಡುತ್ತಾನೆ. ನೀವೂ ನೋಡಿದ್ದೀರಿ ಎಂದು ಪ್ರಶ್ನೆಯಲ್ಲೇ ಬರೆದಿದ್ದೀರಿ, ಕಥೆ ಹೇಳುವುದಿಲ್ಲ. ಹದಿನಾರು ಕಂತು ಮುಗಿದ ಮೇಲೆ ನಾನು ನಿಮ್ಮ ಹಾಗೆಯೇ ನೋಟ್‌ಬುಕ್ ತೆಗೆದು ಪಟ್ಟಿ ಮಾಡಿದೆ. ಹಣ, ಚೆಂದದ ಮುಖ, ಹಿಮ, ತಡವಾಗಿ ಬರುವ ಮುತ್ತು, ಕೆಟ್ಟ ಅಣ್ಣಂದಿರು. ಶೂಟಿಂಗ್ ಮತ್ತೆ ಶುರುವಾಗುವ ಹೊತ್ತಿಗೆ ಆ ಪಟ್ಟಿಯಿಂದಲೇ ಒಂದು ಕಥೆ ಎಬ್ಬಿಸಿ ಒಂದು ವಾಹಿನಿಯ ಫಿಕ್ಷನ್ ವಿಭಾಗದವರ ಮುಂದೆ ಕೂತಿದ್ದೆ.

ಅವರಿಗೆ ಕಥೆ ಹಿಡಿಸಿತು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: “ಇದು ಎಷ್ಟು ದಿನ ಓಡುತ್ತೆ?”

“ಎಷ್ಟು ದಿನ ಬೇಕಾದರೂ ಓಡಿಸಬಹುದು ಸರ್” ಅಂದೆ.

ನನ್ನನ್ನು ಮುಳುಗಿಸಿದ್ದು ಈ ಉತ್ತರ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಿಮ್ಮ ಬಾಯಿಗೂ ಅದೇ ಬರುತ್ತದೆ. ಹಾಗೆ ಅಂದದ್ದು ಕೆಲಸ ಸಿಗಲಿ ಎಂಬ ಆಸೆಯಿಂದ ಮಾತ್ರವಲ್ಲ. ಕಥೆಯ ಕೊನೆ ಏನೆಂದು ನಾನು ಯೋಚಿಸಿಯೇ ಇರಲಿಲ್ಲ. ಇಬ್ಬರೂ ಹೇಗೆ ಸಿಗುತ್ತಾರೆ, ಹೇಗೆ ಜಗಳವಾಡುತ್ತಾರೆ, ಯಾವಾಗ ಮನಸ್ಸು ಕರಗುತ್ತದೆ ಎಂಬಲ್ಲಿಗೆ ನನ್ನ ಬರವಣಿಗೆ ನಿಂತಿತ್ತು. ಕೊನೆ ಇಲ್ಲದ ಕಥೆಯಲ್ಲಿ ಯಾವುದನ್ನು ತಡೆಹಿಡಿಯಬೇಕು ಎಂದು ಬರೆಯುವವರಿಗೇ ಗೊತ್ತಿರುವುದಿಲ್ಲ. ಕನ್ನಡದ ದಿನದ ಧಾರಾವಾಹಿಗೆ ವಾರಕ್ಕೆ ಐದಾರು ಎಪಿಸೋಡ್, ಪ್ರತಿಯೊಂದರ ಕೊನೆಗೂ ನಾಳೆಗೆ ಕಾಯಿಸುವ ಒಂದು ಹುಕ್, ಗುರುವಾರ ಬಂತೆಂದರೆ ಎಷ್ಟು ಜನ ನೋಡಿದರೆಂಬ ಟಿಆರ್‌ಪಿ ಲೆಕ್ಕ. ಟಿಆರ್‌ಪಿ ಇಳಿದ ವಾರ “ಮದುವೆ ಟ್ರ್ಯಾಕ್ ಮುಂದಕ್ಕೆ ತನ್ನಿ” ಅಂದರು. ಬೇಡ ಎನ್ನಲು ನನ್ನ ಬಳಿ ಕಾರಣವೇ ಇರಲಿಲ್ಲ. ಕೊನೆಯೊಂದು ಇದ್ದಿದ್ದರೆ, “ಈಗಲೇ ತಾಳಿ ಕಟ್ಟಿಸಿದರೆ ಅಲ್ಲಿ ತಲುಪುವುದಿಲ್ಲ” ಎಂದು ತೋರಿಸಬಹುದಿತ್ತು. ಹುಡುಗ ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳುವ ಮೊದಲೇ ತಾಳಿ ಕಟ್ಟಿದ. ಆಮೇಲೆ ಕಾಯುವುದಕ್ಕೆ ಏನು ಉಳಿಯಿತು? ಅತ್ತೆಯ ಕುತಂತ್ರ ಬಂತು, ಅಪಘಾತ ಬಂತು, ನೆನಪು ಹೋಯಿತು. ರಾತ್ರಿಯ ಸ್ಲಾಟ್ ಹೋಗಿ ಮಧ್ಯಾಹ್ನದ್ದಾಯಿತು. ಕಡೆಗೊಂದು ದಿನ ಫೋನ್ ಮಾಡಿ, ಈ ವಾರದಲ್ಲೇ ಕಥೆ ಮುಗಿಸಿಕೊಡಿ ಅಂದರು. ಕಥೆಯ ಹಕ್ಕನ್ನು ಮೊದಲೇ ಬರೆದುಕೊಟ್ಟಿದ್ದರಿಂದ ಅದನ್ನು ಬೇರೆಡೆ ಸರಿಯಾಗಿ ಬರೆಯುವ ದಾರಿಯೂ ಇರಲಿಲ್ಲ. ಬಹಳ ದಿನ ಯಾರೂ ನನಗೆ ಕಥೆಯ ಕೆಲಸ ಕೊಡಲಿಲ್ಲ, ಮತ್ತೆ ಬೇರೆಯವರ ದೃಶ್ಯಗಳಿಗೆ ಮಾತು ಬರೆಯುವುದಕ್ಕೇ ಮರಳಿದೆ.

ಅದಾದ ಮೇಲೆ ಅದೇ ಹದಿನಾರು ಕಂತುಗಳನ್ನು ಮತ್ತೆ ನೋಡಿದೆ, ಈ ಸಲ ಕೊನೆಯಿಂದ ಹಿಂದಕ್ಕೆ. ನೀವು ಸೂತ್ರ ಅಂದುಕೊಂಡಿರುವುದು ಅಲ್ಲಿ ಸೂತ್ರವೇ ಅಲ್ಲ. ಮೊದಲನೆಯದಾಗಿ, ಅಲ್ಲಿ ಹಣವಿರುವುದು ಹುಡುಗಿಯ ಬಳಿ. ಕ್ಯಾಪ್ಟನ್ ಅವಳಿಗೆ ಕೊಡುವುದು ಕೈಯಾರೆ ಮಾಡಿದ ನೂಡಲ್ಸ್, ಹುರಿದು ಪುಡಿಮಾಡಿದ ಕಾಫಿ. ಮೇಣದಬತ್ತಿಯ ದೃಶ್ಯ ನೆನಪಿಸಿಕೊಳ್ಳಿ. ಅವಳು ಪರಿಮಳದ ಮೇಣದಬತ್ತಿ ಬೇಕು ಅಂದಿದ್ದಳು, ಅದೇನೆಂದು ತಿಳಿಯದೆ ಅವನು ಸಾದಾ ಬತ್ತಿ ತಂದುಕೊಟ್ಟಿದ್ದ. ಮುಂದೊಂದು ರಾತ್ರಿ ಸಂತೆಯ ಜನಜಂಗುಳಿಯಲ್ಲಿ ಅವಳು ಕಳೆದುಹೋಗುತ್ತಾಳೆ, ಅವನು ಪರಿಮಳದ ಬತ್ತಿ ಹಚ್ಚಿ ತಲೆಯ ಮೇಲೆ ಎತ್ತಿ ಹಿಡಿದು ನಿಲ್ಲುತ್ತಾನೆ. ಪ್ರೀತಿ ಅನ್ನುವ ಮಾತೇ ಇಲ್ಲ. ಅಂದು ಹೇಳಿದ್ದನ್ನು ನೆನಪಿಟ್ಟುಕೊಂಡಿದ್ದಾನೆ, ಅಷ್ಟೆ. ಇಂಥದ್ದು ಬರೆಯಬೇಕಾದರೆ ಎರಡನೆಯ ದೃಶ್ಯ ಗೊತ್ತಿದ್ದೇ ಮೊದಲನೆಯದನ್ನು ಬರೆದಿರಬೇಕು.

ಇಡೀ ಧಾರಾವಾಹಿ ಹೀಗೆಯೇ ಹೆಣೆದಿದೆ. ಸ್ವಿಟ್ಜರ್ಲೆಂಡಿನ ಸರೋವರದ ದಂಡೆಯಲ್ಲಿ, ಪರಸ್ಪರ ಪರಿಚಯವಿಲ್ಲದ ಕಾಲದಲ್ಲೇ ಅವಳು ಅವನ ಪಿಯಾನೊ ಕೇಳಿದ್ದಳು ಎಂಬುದು ನಮಗೆ ನಿಧಾನವಾಗಿ ತಿಳಿಯುತ್ತದೆ. ಎರಡು ಕೊರಿಯಾಗಳ ನಡುವಿನ ಗಡಿ ಪ್ರೀತಿಗೆ ಕರಗುವುದಿಲ್ಲ, ಹಾಗಾಗಿ ಅವರು ಕೂಡಿ ಬಾಳಬಹುದಾದ ಜಾಗ ಮೂರನೆಯ ದೇಶವೇ ಆಗಬೇಕು. ಲೇಖಕಿ ಪಾರ್ಕ್ ಜಿ-ಉನ್ ಆ ಜಾಗವನ್ನು ಮೊದಲೇ ನೆಟ್ಟಿದ್ದರು. ಆ ಪಿಯಾನೊ ದೃಶ್ಯ ತೆಗೆದ ಇಸೆಲ್ಟ್‌ವಾಲ್ಡ್ ಎಂಬ ಪುಟ್ಟ ಹಳ್ಳಿಗೆ ಎಷ್ಟು ಜನ ಮುಗಿಬಿದ್ದರೆಂದರೆ, 2023ರಿಂದ ಅಲ್ಲಿನ ಆಡಳಿತ ಆ ಮರದ ಕಟ್ಟೆಯ ಮೇಲೆ ಕಾಲಿಡಲು 5 ಫ್ರಾಂಕ್ ಶುಲ್ಕ ಹಾಕಿತು. ಸರೋವರ ಸ್ವಿಟ್ಜರ್ಲೆಂಡಿನಲ್ಲಿ ಬೇಕಾದಷ್ಟಿವೆ. ಜನ ಹೋದದ್ದು ಅಲ್ಲಿ ನಡೆದ ಕಥೆಗಾಗಿ.

ಚೆಂದದ ಮುಖ ನೋಡಲು ಹದಿಹರೆಯದವರು ನೋಡುತ್ತಾರೆ ಎಂದೂ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದೇ ಇಲ್ಲ. 2002ರಲ್ಲಿ ಕೊರಿಯಾದಲ್ಲಿ ಬಂದ ‘ವಿಂಟರ್ ಸೊನಾಟಾ’ ಮರುವರ್ಷ ಜಪಾನಿನ ಎನ್‌ಎಚ್‌ಕೆ ವಾಹಿನಿಯಲ್ಲಿ ಪ್ರಸಾರವಾದಾಗ ಅದನ್ನು ಎದೆಗೆ ಹಚ್ಚಿಕೊಂಡವರು ಹೆಚ್ಚಾಗಿ ನಡುವಯಸ್ಸಿನ ಹೆಂಗಸರು. 2004ರಲ್ಲಿ ನಾಯಕ ಬೇ ಯಾಂಗ್-ಜುನ್ ಟೋಕಿಯೊಗೆ ಬಂದಿಳಿದಾಗ ವಿಮಾನ ನಿಲ್ದಾಣದಲ್ಲಿ ಸಾವಿರಾರು ಜನ ಕಾದಿದ್ದರು. ಗಂಡ ಮಕ್ಕಳಿಗೆ ಬಡಿಸಿ ತಾವು ಕೊನೆಗೆ ಉಣ್ಣುವ ಹೆಂಗಸರಿಗೆ, ತಮ್ಮ ಮಾತನ್ನು ಗಮನವಿಟ್ಟು ಕೇಳುವ ಗಂಡಸೊಬ್ಬ ತೆರೆಯ ಮೇಲೆ ಕಂಡರೆ ಅದು ಸಣ್ಣ ಸಂಗತಿಯಲ್ಲ. ಕೊರಿಯಾದಲ್ಲಿ ಇವನ್ನು ಬರೆಯುವವರಲ್ಲಿ ಹೆಚ್ಚಿನವರು ಹೆಂಗಸರು ಎಂಬುದನ್ನೂ ಮರೆಯಬೇಡಿ. ಕಿಮ್ ಉನ್-ಸುಕ್ ಬರೆದಿದ್ದಾರೆ ಅಂದರೆ ಸಾಕು, ನಟರು ಯಾರು ಎಂದು ಕೇಳುವ ಮೊದಲೇ ಜನ ಕಾಯುತ್ತಾರೆ. ನಮ್ಮಲ್ಲಿ ಧಾರಾವಾಹಿ ಬರೆದವರ ಹೆಸರು ಎಷ್ಟು ಮನೆಗಳಿಗೆ ಗೊತ್ತು?

ಇನ್ನೊಂದು ಕಾರಣ ಮನೆಯವರು. ಅಪ್ಪ ಅಮ್ಮ ಒಪ್ಪದಿದ್ದರೆ ಪ್ರೀತಿ ನಿಂತುಹೋಗಬಹುದಾದ ಊರುಗಳಲ್ಲಿ ಈ ಕಥೆಗಳು ನೇರ ಮನಸ್ಸಿಗೆ ಇಳಿಯುತ್ತವೆ. ಮಣಿಪುರವನ್ನೇ ನೋಡಿ. 2000ದಲ್ಲಿ ಅಲ್ಲಿನ ಉಗ್ರ ಸಂಘಟನೆಯೊಂದು ಹಿಂದಿ ಸಿನಿಮಾಗಳಿಗೆ ನಿಷೇಧ ಹೇರಿದ ಮೇಲೆ ಆ ಜಾಗಕ್ಕೆ ಕೊರಿಯಾದ ಅರಿರಾಂಗ್ ವಾಹಿನಿ, ಕೊರಿಯನ್ ಸಿ.ಡಿ.ಗಳು ಬಂದವು. ಉಳಿದ ಭಾರತ ಕೊರಿಯನ್ ಧಾರಾವಾಹಿಗಳ ಹೆಸರು ಕೇಳುವ ಎಷ್ಟೋ ಮೊದಲು ಇಂಫಾಲದ ಮನೆಗಳಲ್ಲಿ ಕೂತು ನೋಡುತ್ತಿದ್ದರು.

ಕೊರಿಯಾದವರೆಲ್ಲ ಮೊದಲೇ ಎಲ್ಲ ಬರೆದಿಟ್ಟು ಶುರುಮಾಡುತ್ತಾರೆ ಅಂತಲ್ಲ. ಪ್ರಸಾರದ ಹಿಂದಿನ ದಿನದವರೆಗೂ ಚೀಟಿಯಲ್ಲಿ ದೃಶ್ಯ ಬರೆದು ಸೆಟ್ಟಿಗೆ ಕಳಿಸುವ ಕೆಟ್ಟ ಪದ್ಧತಿ ಅಲ್ಲೂ ಬಹಳ ಕಾಲ ಇತ್ತು. 2016ರ ‘ಡಿಸೆಂಡೆಂಟ್ಸ್ ಆಫ್ ದ ಸನ್’ ಚೀನಾದಲ್ಲೂ ಅದೇ ದಿನ ಬರಬೇಕಿತ್ತು, ಅದಕ್ಕಾಗಿ ಪೂರ್ತಿ ಚಿತ್ರೀಕರಿಸಿದ ಮೇಲೆಯೇ ಪ್ರಸಾರ ಶುರು ಮಾಡಿದರು. ಆ ಕಾಲಕ್ಕೆ ಅದು ಅಪರೂಪ. ಆದರೆ ಚೀಟಿಯಲ್ಲಿ ಬರೆದರೂ ಹದಿನಾರಕ್ಕೋ ಇಪ್ಪತ್ತಕ್ಕೋ ಮುಗಿಯುತ್ತದೆ ಎಂಬುದು ಬರೆಯುವವರಿಗೂ ನೋಡುವವರಿಗೂ ಗೊತ್ತಿರುತ್ತಿತ್ತು. ನೂರು ಕಂತು ದಾಟುವ ದಿನದ ಧಾರಾವಾಹಿಗಳು ಅಲ್ಲೂ ಇವೆ, ಹುಟ್ಟಿನ ಗುಟ್ಟು, ಸೇಡು, ಅತ್ತೆ ಸೊಸೆ ಎಲ್ಲ ಇವೆ. ನೀವು ಹೆಸರಿಸಿದ ಧಾರಾವಾಹಿಗಳಲ್ಲಿ ಅಂಥದ್ದೊಂದೂ ಇಲ್ಲ. ನೆನಪು ಹೋಗುವ ಕಥೆಯನ್ನೂ ನಾನು ದೂರುವುದಿಲ್ಲ, ‘ವಿಂಟರ್ ಸೊನಾಟಾ’ ನಿಂತಿರುವುದೇ ಅದರ ಮೇಲೆ. ಅಲ್ಲಿ ಅದು ಕಥೆಯ ಬುನಾದಿ. ನನ್ನ ಧಾರಾವಾಹಿಯಲ್ಲಿ ಟಿಆರ್‌ಪಿ ಇಳಿದ ವಾರ ಬಂದದ್ದು.

ವೆಬ್ ಸರಣಿಯೋ ವಾಹಿನಿಯೋ ಎಂದು ಕೇಳಿದ್ದೀರಿ. ಈ ಕಥೆಯನ್ನು ದಿನದ ಸ್ಲಾಟಿಗೆ ಕೊಡಲೇಬೇಡಿ. ಹೊಟ್ಟೆಪಾಡಿಗೆ ವಾಹಿನಿಯ ಕೆಲಸ ಬೇಕಿದ್ದರೆ ಮಾಡಿ, ನಾನೂ ಮಾಡುತ್ತಿದ್ದೇನೆ, ಅದರಲ್ಲಿ ತಪ್ಪಿಲ್ಲ. ಅವರಿಗೆ ಬೇರೊಂದು ಕಥೆ ಕೊಡಿ. ಇದನ್ನು ಹತ್ತೋ ಹನ್ನೆರಡೋ ಕಂತಿಗೆ ಕಟ್ಟಿ, ಕೊನೆಯ ಕಂತನ್ನು ಮೊದಲು ಬರೆದು, ಪೂರ್ತಿ ಚಿತ್ರಕಥೆ ಕೈಯಲ್ಲಿ ಹಿಡಿದು ನಿರ್ಮಾಪಕರ ಬಳಿ ಹೋಗಿ. ಎಷ್ಟು ದಿನ ಓಡುತ್ತದೆ ಎಂದು ಕೇಳಿದರೆ ಕಂತಿನ ಲೆಕ್ಕ ಹೇಳಿ, ಅದಕ್ಕಿಂತ ಒಂದೂ ಹೆಚ್ಚಿಲ್ಲ ಅನ್ನಿ. ಹಕ್ಕಿನ ಕಾಗದಕ್ಕೆ ಸಹಿ ಹಾಕುವ ಮೊದಲು ವಕೀಲರಿಗೆ ತೋರಿಸಿ. ಕೊಡೆ, ಮಳೆ ಎಲ್ಲ ತೆಗೆದುಹಾಕಿ.

ನಿಮ್ಮ ಒನ್‌ಲೈನ್‌ನಲ್ಲಿ ನನಗೆ ಹಿಡಿಸಿದ ಒಂದು ಸಾಲಿದೆ. ಹುಡುಗಿಯ ಅಪ್ಪ ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವಿನ ವ್ಯಾಪಾರಿ, ಮಗಳು ಆ ಹುಡುಗನ ಮನೆಯ ಸಮಾರಂಭಕ್ಕೇ ಹೂ ತಲುಪಿಸಲು ಹೋಗುತ್ತಾಳೆ ಎಂದು ಬರೆದಿದ್ದೀರಿ. ಆ ಅಪ್ಪ ಕೊನೆಗೆ ಒಪ್ಪುತ್ತಾನೋ ಇಲ್ಲವೋ, ನೀವು ಎಲ್ಲೂ ಹೇಳಿಲ್ಲ. ಅದನ್ನು ಮೊದಲು ತೀರ್ಮಾನಿಸಿ, ಆಮೇಲೆ ಆ ಹುಡುಗ ಯಾರೆಂದು ಬರೆಯಿರಿ.