ಊರಿನ ಮತ, ಬೆಂಗಳೂರಿನ ಮತ: ಎರಡನ್ನೂ ಉಳಿಸಿಕೊಳ್ಳಬಹುದೇ?

ಹಾವೇರಿ ಕಡೆಯ ಹಳ್ಳಿಯಿಂದ ಬಂದು ನಾಲ್ಕು ವರ್ಷಗಳಿಂದ ಬೆಂಗಳೂರಿನ ಬಾಡಿಗೆ ಮನೆಯಲ್ಲಿದ್ದೀರಿ. ಮತದಾರರ ಗುರುತಿನ ಚೀಟಿ ಊರಿನ ವಿಳಾಸದಲ್ಲಿದೆ. ಪಾಲಿಕೆ ಚುನಾವಣೆಗೆ ಇಲ್ಲಿ ಬೇರೆಯಾಗಿ ಹೆಸರು ಬರೆಸಿ, ಊರಿನ ಪಂಚಾಯಿತಿ ಮತವನ್ನೂ ಇಟ್ಟುಕೊಳ್ಳಬಹುದೇ ಎಂದು ಕೇಳಿದ್ದೀರಿ. ಆಗುವುದಿಲ್ಲ.

ವಿಧಾನಸಭೆ, ಲೋಕಸಭೆ ಚುನಾವಣೆಗಳನ್ನು ನಡೆಸುವುದು ಭಾರತ ಚುನಾವಣಾ ಆಯೋಗ. ಪಂಚಾಯಿತಿ, ಪಾಲಿಕೆಗಳದ್ದನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ. ಆಯೋಗಗಳು ಎರಡಾದರೂ ಪಟ್ಟಿಯ ಬೇರು ಒಂದೇ. ವಿಧಾನಸಭೆಯ ಮತದಾರರ ಪಟ್ಟಿಯನ್ನೇ ವಾರ್ಡುವಾರು ವಿಂಗಡಿಸಿ ಪಾಲಿಕೆ ಚುನಾವಣೆಗೆ ಬಳಸುತ್ತಾರೆ. ಹಳ್ಳಿಯ ಪಂಚಾಯಿತಿಗೂ ಹಾಗೆಯೇ. ಆದ್ದರಿಂದ ವಿಧಾನಸಭೆಯ ಪಟ್ಟಿಯಲ್ಲಿ ನಿಮ್ಮ ಹೆಸರು ಎಲ್ಲಿದೆಯೋ ಎಲ್ಲ ಮತಗಳೂ ಅಲ್ಲಿಯೇ.

ಮತವನ್ನು ಇಲ್ಲಿಗೆ ತರುವುದಾದರೆ ವಿಳಾಸ ಬದಲಾವಣೆಯ 8ನೇ ನಮೂನೆಯನ್ನು ತುಂಬಿ, 6ನೆಯದನ್ನಲ್ಲ. ಕ್ಷೇತ್ರ ಬದಲಾದವರು ಹಿಂದೆ 6ನೇ ನಮೂನೆಯನ್ನೇ ತುಂಬುತ್ತಿದ್ದರು. 2022ರ ಆಗಸ್ಟ್‌ನಿಂದ ಅದು ಮೊದಲ ಬಾರಿ ಸೇರುವವರಿಗೆ ಮಾತ್ರ. ಹಳೆಯ ಸಲಹೆ ನಂಬಿದವರ ಹೆಸರು ಎರಡು ಕಡೆ ಸೇರಿಕೊಳ್ಳಬಹುದು. ಎರಡು ಕಡೆ ಹೆಸರಿರುವುದನ್ನು ಕಾನೂನು ಒಪ್ಪುವುದಿಲ್ಲ, ಮತ್ತು ತಿಳಿದೂ ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ಅರ್ಜಿಯನ್ನು ಭಾರತ ಚುನಾವಣಾ ಆಯೋಗದ ಜಾಲತಾಣದಲ್ಲಿ ಅಥವಾ ಮೊಬೈಲ್ ಆ್ಯಪ್‌ನಲ್ಲಿ ಸಲ್ಲಿಸಬಹುದು. ಇಲ್ಲಿನ ವಿಳಾಸವಿರುವ ಆಧಾರ್, ಬ್ಯಾಂಕ್ ಪಾಸ್‌ಬುಕ್, ಗ್ಯಾಸ್ ಬಿಲ್, ಇವುಗಳಲ್ಲಿ ಒಂದಿದ್ದರೂ ನಡೆಯುತ್ತದೆ. ಬಾಡಿಗೆದಾರರೆಂದು ಹಿಂಜರಿಯಬೇಡಿ, ಕಾನೂನು ನೋಡುವುದು ನೀವು ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತೀರಿ ಎಂಬುದನ್ನು, ಮನೆ ಯಾರದ್ದು ಎಂಬುದನ್ನಲ್ಲ.

ಬೆಂಗಳೂರಿನಲ್ಲಿ ತೊಡಕಾಗುವುದು ಮನೆ ಬಾಗಿಲಿನಲ್ಲಿ. 2018ರ ಮೇ 12ರಂದು, ವಿಧಾನಸಭೆ ಚುನಾವಣೆಯ ದಿನ, ನಾನು ಚೀಟಿ ಹಿಡಿದು ಒಂದು ಗಂಟೆ ಸಾಲಿನಲ್ಲಿ ನಿಂತೆ. ಪಟ್ಟಿಯಲ್ಲಿ ಹೆಸರಿರಲಿಲ್ಲ. ಶ್ರೀರಾಮಪುರದ ಹಳೆಯ ಮನೆಯನ್ನು ಬಿಟ್ಟು ಕೆಂಗೇರಿಗೆ ಬಂದಿದ್ದೆ. ವಾಸವಿಲ್ಲವೆಂದು ಹೆಸರನ್ನು ತೆಗೆದಿದ್ದರು. ಚೀಟಿಯಿದ್ದರೆ ಮತವಿದೆ ಎಂದುಕೊಂಡಿದ್ದೆ. ಮತವಿರುವುದು ಪಟ್ಟಿಯಲ್ಲಿ. ಅಂದು ಬೆರಳಿಗೆ ಶಾಯಿಯಿಲ್ಲದೆ ಮನೆಗೆ ನಡೆದು ಬಂದದ್ದು ಇಂದಿಗೂ ನೋಯುತ್ತದೆ. ಆಮೇಲೆ ಹೊಸ ವಿಳಾಸಕ್ಕೆ ಅರ್ಜಿ ಹಾಕಿದೆ. ಪರಿಶೀಲನೆಗೆ ಮತಗಟ್ಟೆ ಅಧಿಕಾರಿ ಬಂದ ದಿನ ನಾನು ಕೆಲಸಕ್ಕೆ ಹೋಗಿದ್ದೆ. ಕೆಳಮನೆಯವರು ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದುಬಿಟ್ಟರಂತೆ. ಅವರಿಗೆ ನಾನು ನನ್ನ ಮಗಳ ಅಮ್ಮನೆಂದಷ್ಟೇ ಗೊತ್ತು! ಎರಡನೆಯ ಸಲ ಅವರಿಗೂ ಮನೆಯ ಮಾಲೀಕರಿಗೂ ಪೂರ್ತಿ ಹೆಸರು ಹೇಳಿಟ್ಟೆ, ಅರ್ಜಿಯ ಉಲ್ಲೇಖ ಸಂಖ್ಯೆಯನ್ನು ಬಾಗಿಲ ಹಿಂದೆ ಬರೆದು ಅಂಟಿಸಿದೆ, ಕೆಲಸವಾಯಿತು. ಮತಗಟ್ಟೆ ಅಧಿಕಾರಿಗಳಲ್ಲಿ ಅನೇಕರು ಶಾಲಾ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು. ತಮ್ಮ ಕೆಲಸ ಮುಗಿಸಿಕೊಂಡು ಮೆಟ್ಟಿಲು ಹತ್ತಿ ಬರುತ್ತಾರೆ. ಬಂದಾಗ ಒಂದು ಲೋಟ ನೀರು ಕೊಟ್ಟು ಮಾತನಾಡಿಸಿ.

ವಿಧಾನಸಭೆ, ಲೋಕಸಭೆ ಚುನಾವಣೆಗೆ ನಾಮಪತ್ರ ಸಲ್ಲಿಸುವ ಕೊನೆಯ ದಿನದ ನಂತರ ಪಟ್ಟಿಗೆ ಹೆಸರು ಸೇರುವುದಿಲ್ಲ, ಅದಕ್ಕೂ ಮೊದಲು ಆಕ್ಷೇಪಣೆಗೆ ಏಳು ದಿನ ಬಿಡಬೇಕು. ಹಾಗಾಗಿ ಚುನಾವಣೆ ಘೋಷಣೆಯಾಗಲಿ ಎಂದು ಕಾಯಬೇಡಿ.

ಊರಿನ ಮತ ಬಿಡುವ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಇಲ್ಲಿಗೆ ಬನ್ನಿ ಎಂದೇ ಹೇಳುತ್ತೇನೆ. ಬೆಂಗಳೂರಿನ ಹಿಂದಿನ ಪಾಲಿಕೆಯಾದ ಬಿಬಿಎಂಪಿಗೆ 2015ರ ಆಗಸ್ಟ್‌ನಲ್ಲಿ ಆರಿಸಿದ 198 ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕಾಲ. ಚರಂಡಿ ಉಕ್ಕಿದಾಗ ಹೋಗಿ ಬಾಗಿಲು ಬಡಿಯಲು ವಾರ್ಡಿನಲ್ಲಿ ಯಾರೂ ಇಲ್ಲದ ಆ ಕಾಲದಲ್ಲಿ, ಕಾರ್ಪೊರೇಟರ್ ಎಂದರೆ ಏನೆಂದು ನನಗೆ ತಿಳಿಯಿತು. ನೀವು ಕುಡಿಯುವ ನೀರು, ನಡೆಯುವ ರಸ್ತೆ ಇಲ್ಲಿಯವು.

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ, ವಾರ್ಡುಗಳ ಗಡಿಯೂ ಬದಲಾಗಿದೆ. ಆದ್ದರಿಂದ ವಿಧಾನಸಭೆಯ ಪಟ್ಟಿಯಲ್ಲಿ ಹೆಸರು ಕಂಡಿತೆಂದು ಸುಮ್ಮನಾಗಬೇಡಿ. ವಾರ್ಡುವಾರು ಕರಡು ಪಟ್ಟಿ ಪ್ರಕಟವಾದಾಗ ನಿಮ್ಮ ಬೀದಿ ಪಕ್ಕದ ವಾರ್ಡಿಗೆ ಸೇರಿಹೋಗಿದೆಯೇ ನೋಡಿ, ತಪ್ಪಿದ್ದರೆ ಆಕ್ಷೇಪಣೆಯ ಗಡುವಿನೊಳಗೆ ಬರೆದುಕೊಡಿ. ನೀವು ಪದವೀಧರರಾಗಿದ್ದರೆ ಇನ್ನೊಂದು ಮಾತು: ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಪಟ್ಟಿ ಪೂರ್ತಿ ಬೇರೆ, ಪ್ರತಿ ಚುನಾವಣೆಗೂ ಹೊಸದಾಗಿ ತಯಾರಾಗುತ್ತದೆ. ಅದಕ್ಕೆ 18ನೇ ನಮೂನೆ.