ಭಾಷೆ ಗಲಾಟೆ ನಡೆಯುವಾಗ ಪುಣೆಯ ನಮ್ಮ ಕನ್ನಡ ಸಭೆಯಲ್ಲಿ ನಾನು ಏನು ಹೇಳುತ್ತೇನೆ

ನೀವು ಕೇಳಿದ್ದು ಇದು: ಪುಣೆಯಲ್ಲಿ ಕನ್ನಡ ಸಭೆ ನಡೆಸುವ ಪಾಸ್ಟರ್ ಆಗಿ, ಮರಾಠಿ, ಕನ್ನಡ, ಹಿಂದಿ ಅಂತ ಹೊಡೆದಾಟ ಆಗುವಾಗ ಭಾನುವಾರ ಜನರಿಗೆ ಏನು ಹೇಳುತ್ತೀರಿ? ಮರಾಠಿ ಕಲಿಯಿರಿ ಅನ್ನುತ್ತೀರೋ, ಕನ್ನಡ ಬಿಡಬೇಡಿ ಅನ್ನುತ್ತೀರೋ, ಇಲ್ಲ ದೇವರ ಮನೆಯಲ್ಲಿ ಈ ಮಾತು ಬೇಡ ಅಂತ ಸುಮ್ಮನಿರುತ್ತೀರೋ? ಕೊನೆಗೆ ಇನ್ನೊಂದು ಸಾಲು ಸೇರಿಸಿದ್ದೀರಿ, ನಿಮ್ಮದು ಹೊರಗಿನಿಂದ ಬಂದ ಧರ್ಮ, ನಿಮಗೆ ಭಾಷೆ ಯಾಕೆ ಮುಖ್ಯ ಅಂತ.

ಮೊದಲು ಸುಮ್ಮನಿರುತ್ತಿದ್ದೆ, ಅದು ನಿಜ. 2025ರ ಫೆಬ್ರವರಿ ತನಕ ಹಾಗೇ ಇದ್ದೆ.

ಆ ತಿಂಗಳು ಏನಾಯಿತು ಅಂತ ನಿಮಗೆ ನೆನಪಿರಬಹುದು. ಬೆಳಗಾವಿ ಹತ್ತಿರ ಮರಾಠಿ ಬರುವುದಿಲ್ಲ ಅಂದ ಬಸ್ ಕಂಡಕ್ಟರ್ ಒಬ್ಬರನ್ನು ಹೊಡೆದರು ಅಂತ ಸುದ್ದಿ ಬಂತು. ಅದಕ್ಕೆ ಉತ್ತರ ಅನ್ನುವ ಹಾಗೆ ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಬಸ್ ಚಾಲಕರೊಬ್ಬರ ಮುಖಕ್ಕೆ ಮಸಿ ಬಳಿದರು. ಎರಡು ಕಡೆಯ ಬಸ್ಸುಗಳೂ ನಿಂತವು. ನಮ್ಮ ಸಭೆಯ ಒಬ್ಬ ಅಕ್ಕನ ತಾಯಿ ಗೋಕಾಕ ಕಡೆಯ ಹಳ್ಳಿಯಲ್ಲಿ ಅದೇ ಹೊತ್ತಿಗೆ ತೀರಿಕೊಂಡರು. ಕೊಲ್ಹಾಪುರದ ತನಕ ಹೋದ ಅಕ್ಕನಿಗೆ ಮುಂದೆ ಬಸ್ ಇಲ್ಲ. ಯಾವುದೋ ಟೆಂಪೋ, ಆಮೇಲೆ ಯಾರದೋ ಕಾರು, ಹೀಗೆ ಹೇಗೋ ಊರು ಸೇರುವಷ್ಟರಲ್ಲಿ ಮಣ್ಣು ಆಗಿ ಹೋಗಿತ್ತು. ತಾಯಿಯ ಮುಖ ನೋಡಲಿಲ್ಲ. ಅದೇ ವಾರ ನಮ್ಮ ಸಭೆಯ ವಾಟ್ಸ್ಯಾಪ್ ಗುಂಪಿನಲ್ಲಿ ಒಬ್ಬರು ಆ ಮಸಿ ಬಳಿಯುವ ವಿಡಿಯೋ ಹಾಕಿ, ಕೆಳಗೆ ಚಪ್ಪಾಳೆಯ ಚಿತ್ರ ಹಾಕಿದರು. ಆ ಅಕ್ಕನೂ ಅದೇ ಗುಂಪಿನಲ್ಲಿ ಇದ್ದಾರೆ. ಅದನ್ನು ನೋಡಿದ ಮೇಲೆ ಸುಮ್ಮನಿರುವುದು ಪಾಪ ಅಂತ ನನಗೆ ಅನ್ನಿಸಿತು.

ಆ ಭಾನುವಾರ ನಾನು ಬೈಬಲಿನ ನ್ಯಾಯಸ್ಥಾಪಕರು ಪುಸ್ತಕದ 12ನೇ ಅಧ್ಯಾಯ ತೆಗೆದೆ. ಜಾಸ್ತಿ ಜನ ಇದನ್ನು ಓದಿರುವುದಿಲ್ಲ. ಕತೆ ಹೀಗಿದೆ. ಗಿಲ್ಯಾದಿನವರಿಗೂ ಎಫ್ರಾಯೀಮಿನವರಿಗೂ ಯುದ್ಧ ಆಗುತ್ತದೆ. ಇಬ್ಬರೂ ಇಸ್ರಾಯೇಲ್ಯರೇ, ಒಂದೇ ಅಜ್ಜನ ಸಂತಾನ, ಒಂದೇ ದೇವರು. ಎಫ್ರಾಯೀಮಿನವರು ಸೋತು ಯೊರ್ದನ್ ಹೊಳೆ ದಾಟಿ ಮನೆಗೆ ಓಡುತ್ತಿರುತ್ತಾರೆ. ಗಿಲ್ಯಾದಿನವರು ಹೊಳೆ ದಾಟುವ ಜಾಗದಲ್ಲಿ ಕಾದು ನಿಂತು, ಬಂದವನಿಗೆ ಷಿಬ್ಬೋಲೆತ್ ಅನ್ನು ಅನ್ನುತ್ತಾರೆ. ಎಫ್ರಾಯೀಮಿನವರ ನಾಲಿಗೆಗೆ ಷ ಬರುವುದಿಲ್ಲ. ಸಿಬ್ಬೋಲೆತ್ ಅನ್ನುತ್ತಾನೆ. ಅಲ್ಲೇ ಹಿಡಿದು ಕೊಲ್ಲುತ್ತಾರೆ. 42,000 ಜನ ಸತ್ತರು ಅಂತ ಬೈಬಲ್ ಹೇಳುತ್ತದೆ. ಆ ಪದಕ್ಕೆ ತೆನೆ ಅಂತ ಒಂದು ಅರ್ಥ ಇದೆ. ಜೋಳದ ತೆನೆ, ಗೋಧಿ ತೆನೆ ಅನ್ನುತ್ತೇವಲ್ಲ, ಆ ತೆನೆ. ಹೊಟ್ಟೆಗೆ ಹಾಕುವ ವಸ್ತುವಿನ ಹೆಸರನ್ನು ಜೀವ ತೆಗೆಯುವ ಪರೀಕ್ಷೆ ಮಾಡಿಕೊಂಡರು. ಇದು ಒಳ್ಳೆಯದು ಅಂತ ಬೈಬಲ್ ಎಲ್ಲೂ ಹೊಗಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದಿಟ್ಟಿದೆ ಅಷ್ಟೆ, ಓದುವವನಿಗೆ ನಾಚಿಕೆ ಆಗಲಿ ಅಂತ.

ಷ ಮತ್ತು ಸ. ಇದು ಕನ್ನಡದವರಿಗೆ ಅರ್ಥ ಆಗುವಷ್ಟು ಚೆನ್ನಾಗಿ ಬೇರೆ ಯಾರಿಗೆ ಅರ್ಥ ಆಗುತ್ತದೆ ಹೇಳಿ? ಶಾಲೆಗೆ ಸಾಲಿ ಅಂದವನನ್ನು ನೋಡಿ ನಕ್ಕವರು ನಾವು. ಶಾಂತಿಯನ್ನು ಸಾಂತಿ ಅಂದರೆ ಅವನ ಊರು, ಓದು, ಜಾತಿ ಎಲ್ಲ ಗೊತ್ತಾಯಿತು ಅಂದುಕೊಳ್ಳುವವರು ನಾವು. ನಮ್ಮ ಸಭೆಯಲ್ಲೇ ಹೀಗಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಇಲ್ಲಿ ಮಂಗಳೂರು, ಉಡುಪಿ ಕಡೆಯ ಹಳೆಯ ಕುಟುಂಬಗಳಿವೆ. ಹುಬ್ಬಳ್ಳಿ, ಧಾರವಾಡದವರಿದ್ದಾರೆ. ಹಿಂಜವಡಿಯ ಕಂಪನಿಗಳಲ್ಲಿ ಕೆಲಸ ಮಾಡುವ ಬೆಂಗಳೂರಿನ ಹುಡುಗರಿದ್ದಾರೆ. ಕಟ್ಟಡ ಕೆಲಸಕ್ಕೆ ಬಂದ ಯಾದಗಿರಿ, ಕಲಬುರಗಿಯವರೂ ಇದ್ದಾರೆ. ಒಂದು ಭಾನುವಾರ ಯಾದಗಿರಿಯ ಒಬ್ಬ ಹುಡುಗನಿಗೆ ಸತ್ಯವೇದ, ಅಂದರೆ ಬೈಬಲ್, ಓದಲು ಹೇಳಿದ್ದೆ. ಬೆಳಿಗ್ಗೆ ಆರರಿಂದ ಸಂಜೆ ಆರರ ತನಕ ಸಿಮೆಂಟ್ ಹೊರುವ ಹುಡುಗ. ಮೂರು ರಾತ್ರಿ ಅಭ್ಯಾಸ ಮಾಡಿಕೊಂಡು ಬಂದಿದ್ದ. ಅವನು ಶಿಷ್ಯರು ಅನ್ನುವಲ್ಲಿ ಸಿಸ್ಯರು ಅಂದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವನು ಓದಿ ಮುಗಿಸಿದ, ಬಂದು ಕೂತ, ಆಮೇಲೆ ಎರಡು ತಿಂಗಳು ಚರ್ಚ್ ಕಡೆ ಬರಲಿಲ್ಲ. ಹಾಗಾಗಿ ಬೆಳಗಾವಿಯಲ್ಲಿ ಹೊಡೆದವರನ್ನೂ ಚಿತ್ರದುರ್ಗದಲ್ಲಿ ಮಸಿ ಬಳಿದವರನ್ನೂ ಬೈಯುವ ಮೊದಲು ನಾನು ಆ ನಗುವಿನ ಬಗ್ಗೆ ಮಾತಾಡಿದೆ. ಹೊಳೆ ದಾಟುವ ಜಾಗದಲ್ಲಿ ನಿಂತು ಕಾಯುವವರು ನಮ್ಮೊಳಗೂ ಇದ್ದಾರೆ ಅಂತ ಹೇಳಿದೆ. ಕೆಲವರಿಗೆ ಸಿಟ್ಟು ಬಂತು. ಬರಲಿ.

ಈಗ ಮರಾಠಿಯ ವಿಷಯ. ಕಲಿಯಿರಿ ಅಂತ ನಾನು ಖಂಡಿತ ಹೇಳುತ್ತೇನೆ, ಸಭೆಯಲ್ಲೇ ಹೇಳುತ್ತೇನೆ. ಇಪ್ಪತ್ತು ವರ್ಷ ಒಂದು ಊರಿನ ನೀರು ಕುಡಿದು, ಆ ಊರಿನವರ ಹತ್ತಿರ ಊಟ ಆಯ್ತಾ ಅಂತ ಅವರ ಮಾತಿನಲ್ಲಿ ಕೇಳಲು ಬರದಿದ್ದರೆ ಅದು ಚೆಂದ ಅಲ್ಲ. ಬೈಬಲಿನ ಯೆರೆಮೀಯ ಪುಸ್ತಕದ 29ನೇ ಅಧ್ಯಾಯದಲ್ಲಿ ಬಾಬೆಲಿಗೆ ಸೆರೆಹೋದ ಜನರಿಗೆ ಪ್ರವಾದಿ ಒಂದು ಪತ್ರ ಬರೆಯುತ್ತಾನೆ. ಅಲ್ಲಿ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ಆ ಊರಿಗೆ ಒಳ್ಳೆಯದಾಗಲಿ ಅಂತ ಪ್ರಾರ್ಥನೆ ಮಾಡಿ, ಆ ಊರು ಚೆನ್ನಾಗಿದ್ದರೆ ನೀವೂ ಚೆನ್ನಾಗಿರುತ್ತೀರಿ ಅನ್ನುತ್ತಾನೆ. ತಮ್ಮನ್ನು ಸೆರೆಹಿಡಿದು ಒಯ್ದವರ ಊರಿಗಾಗಿ ಪ್ರಾರ್ಥನೆ ಮಾಡಿ ಅಂದಿದ್ದು ಅದು. ನಮಗೆ ಪುಣೆ ಯಾವ ಸೆರೆಮನೆಯೂ ಅಲ್ಲ. ಕೂಲಿ ಕೊಟ್ಟಿದೆ, ಮಕ್ಕಳಿಗೆ ಶಾಲೆ ಕೊಟ್ಟಿದೆ. ಶನಿವಾರ ಸಂಜೆ ಚರ್ಚಿನ ಪಕ್ಕದ ಕೋಣೆಯಲ್ಲಿ ಒಂದು ಗಂಟೆ ಮರಾಠಿ ಪಾಠ ಇಟ್ಟಿದ್ದೇವೆ. ನಿವೃತ್ತ ಮಾಸ್ತರರೊಬ್ಬರು ಬಂದು ಕಲಿಸುತ್ತಾರೆ, ಅವರು ಕ್ರೈಸ್ತರಲ್ಲ, ವಿಠ್ಠಲನ ಭಕ್ತರು, ಪ್ರತಿ ವರ್ಷ ಪಂಢರಪುರಕ್ಕೆ ನಡೆದು ಹೋಗುವವರು. ಕೂಲಿಯವರು ಕೆಲಸಕ್ಕೆ ಕಾಯುವ ಮಜೂರ್ ಅಡ್ಡಾದಲ್ಲಿ ಹಜೇರಿ, ಅಂದರೆ ದಿನದ ಕೂಲಿ, ಎಷ್ಟು ಅಂತ ಮಾತಾಡಿಕೊಳ್ಳುವುದು, ರೇಷನ್ ಅಂಗಡಿಯಲ್ಲಿ ಕೇಳುವುದು, ಮಗುವಿನ ಟೀಚರ್ ಹತ್ತಿರ ಮಾತಾಡುವುದು, ಇಷ್ಟರಿಂದ ಶುರು. ಬೇಗ ಬರುತ್ತದೆ. ನಮ್ಮ ಹಾಗೆ ಅವರಿಗೂ ಳ ಇದೆ, ಅಣ್ಣ ಇದೆ, ಅಕ್ಕ ಇದೆ.

ಆದರೆ ಹೆದರಿ ಕಲಿಯಬೇಡಿ ಅಂತಲೂ ಹೇಳುತ್ತೇನೆ, ಮತ್ತು ಇದನ್ನು ಒತ್ತಿ ಹೇಳುತ್ತೇನೆ. 2025ರ ಏಪ್ರಿಲ್‌ನಲ್ಲಿ ಇಲ್ಲಿನ ಸರಕಾರ ಒಂದನೇ ತರಗತಿಯಿಂದ ಹಿಂದಿ ಕಲಿಸುವ ಆದೇಶ ತಂದಿತು, ಜನ ಎದ್ದು ನಿಂತರು, ಜೂನ್ 29ಕ್ಕೆ ವಾಪಸ್ ತೆಗೆದುಕೊಂಡಿತು. ತಮ್ಮ ಮಕ್ಕಳ ಶಾಲೆಯ ಬಗ್ಗೆ ಜನ ಮಾತಾಡಿದ್ದು ನನಗೆ ಸರಿ ಅನ್ನಿಸುತ್ತದೆ. ಆದರೆ ಅದೇ ಹೊತ್ತಿಗೆ ಮೀರಾ ರೋಡ್‌ನಲ್ಲಿ ಮರಾಠಿ ಮಾತಾಡಲಿಲ್ಲ ಅಂತ ಅಂಗಡಿಯವರೊಬ್ಬರ ಕೆನ್ನೆಗೆ ಹೊಡೆದರು. ಹೊಡೆತದಿಂದ ಕಲಿತ ಭಾಷೆಯಲ್ಲಿ ಯಾರು ತಾನೇ ಪ್ರೀತಿಯ ಮಾತು ಆಡುತ್ತಾರೆ? ಆ ದಿನಗಳಲ್ಲಿ ನಮ್ಮ ಒಬ್ಬ ಹುಡುಗ ಪಿಂಪ್ರಿಯಿಂದ ಲೋಕಲ್‌ನಲ್ಲಿ ಬರುವಾಗ ತಾಯಿಯ ಫೋನ್ ಬಂತಂತೆ. ಸುತ್ತ ನೋಡಿ, ಆಮೇಲೆ ಮಾಡ್ತೀನಿ ಅವ್ವ ಅಂತ ಪಿಸುಗುಟ್ಟಿ ಇಟ್ಟುಬಿಟ್ಟನಂತೆ. ಯಾರೂ ಅವನಿಗೆ ಏನೂ ಅಂದಿರಲಿಲ್ಲ. ಯೇಸುವಿನ ಶಿಷ್ಯ ಪೇತ್ರನಿಗೂ ಹೀಗೇ ಆಗಿತ್ತು. ಯೇಸುವನ್ನು ಹಿಡಿದ ರಾತ್ರಿ ಅಂಗಳದಲ್ಲಿ ನಿಂತವರು, ನಿನ್ನ ಮಾತೇ ನಿನ್ನನ್ನು ತೋರಿಸಿಕೊಡುತ್ತದೆ ಅಂದರು. ಗಲಿಲಾಯದ ಹಳ್ಳಿ ಮಾತು ಅವನದ್ದು. ಹೆದರಿ ತನ್ನ ಗುರುವನ್ನೇ ಗೊತ್ತಿಲ್ಲ ಅಂದ. ಹೆದರಿಕೆ ಮನುಷ್ಯನ ಬಾಯಿಂದ ಏನೆಲ್ಲ ಆಡಿಸುತ್ತದೆ ಅಂತ ಆ ಹುಡುಗ ನನಗೆ ಹೇಳುತ್ತ ಅತ್ತ.

ಹೊರಗಿನ ಧರ್ಮ ಅನ್ನುವ ಮಾತಿಗೆ ಬರುತ್ತೇನೆ. 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಟಿತು, ಹೊರಡಿಸಿದ್ದು ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯ ಮೋಗ್ಲಿಂಗ್. ಅದೇ ಮಿಷನ್ನಿನ ಕಿಟೆಲ್ ಅವರ ಕನ್ನಡ ನಿಘಂಟು 1894ರದ್ದು. ಇವು ನಿಮಗೆ ಗೊತ್ತಿರಬಹುದು, ಇವುಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ನನಗೆ ಹೇಳಬೇಕಾಗಿರುವುದು ಪಂಡಿತಾ ರಮಾಬಾಯಿ ಅವರ ಬಗ್ಗೆ.

ಕಲಬುರಗಿಯಿಂದ ರೈಲಿನಲ್ಲಿ ಪುಣೆಗೆ ಬರುವವರು ದೌಂಡ್ ದಾಟಿದ ಮೇಲೆ ಕೇಡಗಾಂವ್ ಅಂತ ಒಂದು ಸಣ್ಣ ನಿಲ್ದಾಣ ಬರುತ್ತದೆ. ನಮ್ಮ ಜನ ವರ್ಷಕ್ಕೆ ನಾಲ್ಕು ಸಲ ಅದನ್ನು ದಾಟುತ್ತಾರೆ, ಕಿಟಕಿಯಿಂದ ನೋಡುವುದೂ ಇಲ್ಲ. ರಮಾಬಾಯಿ ಕಟ್ಟಿದ ಮುಕ್ತಿ ಮಿಷನ್ ಇರುವುದು ಅಲ್ಲಿ. ಆಕೆ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ, ಮರಾಠಿ ಮನೆಮಾತಿನ ಬ್ರಾಹ್ಮಣ ಕುಟುಂಬದಲ್ಲಿ. ತಂದೆ ಹೆಂಡತಿಗೂ ಮಗಳಿಗೂ ಸಂಸ್ಕೃತ ಕಲಿಸಿದ್ದಕ್ಕೆ ಊರವರ ವಿರೋಧ ಕಟ್ಟಿಕೊಂಡವರು. ತಂದೆ ತಾಯಿ ಬರಗಾಲದಲ್ಲಿ ಹಸಿದು ಸತ್ತರು. ಊರೂರು ಅಲೆದು ಬೆಳೆದ ಈ ಹೆಣ್ಣುಮಗಳಿಗೆ ಮರಾಠಿಯ ಜೊತೆ ಕನ್ನಡ, ಹಿಂದಿ, ಬಂಗಾಳಿಯೂ ಬರುತ್ತಿತ್ತು. ಆಮೇಲೆ ಕ್ರೈಸ್ತಳಾದಳು, ಬರಗಾಲದಲ್ಲಿ ಅನಾಥರಾದ ಹುಡುಗಿಯರನ್ನು, ವಿಧವೆಯರನ್ನು ಕೇಡಗಾಂವ್‌ಗೆ ಕರೆತಂದು ಸಾಕಿದಳು. ಕೊನೆಯ ವರ್ಷಗಳಲ್ಲಿ ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಮರಾಠಿಗೆ ತಂದಳು. ಪಂಡಿತರ ಮರಾಠಿ ಅಲ್ಲ, ಓದು ಕಡಿಮೆ ಇರುವ ಹೆಂಗಸರಿಗೂ ಅರ್ಥ ಆಗುವ ಮರಾಠಿ. ಸಂಸ್ಕೃತದಲ್ಲಿ ಅಷ್ಟು ದೊಡ್ಡ ವಿದ್ವಾಂಸೆ ಅದನ್ನೆಲ್ಲ ಪಕ್ಕಕ್ಕಿಟ್ಟು ಅಡುಗೆಮನೆಯ ಮಾತನ್ನು ಹುಡುಕಿದಳು. 1922ರಲ್ಲಿ ತೀರಿಕೊಂಡಳು. ಈಕೆ ಕರ್ನಾಟಕದವಳೋ ಮಹಾರಾಷ್ಟ್ರದವಳೋ? ಗಡಿಯಲ್ಲಿ ನಿಂತು ಮಸಿ ಹಿಡಿದವರಿಗೆ ಈ ಪ್ರಶ್ನೆ ಕೇಳಬೇಕು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ನಾನು ಬೀದರ್ ಕಡೆಯವನು, ಅದಕ್ಕೆ ಇದು ನನಗೆ ಜಾಸ್ತಿ ತಾಗುತ್ತದೆ ಅಂತ ಕಾಣುತ್ತದೆ. ನಮ್ಮಲ್ಲಿ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಬಸ್ ನಿಲ್ದಾಣದಲ್ಲಿ ಉರ್ದು, ಜಹೀರಾಬಾದ್ ರಸ್ತೆ ಹಿಡಿದರೆ ತೆಲುಗು. 1956ರಲ್ಲಿ ಗೆರೆ ಎಳೆಯುವ ತನಕ ನಾವೆಲ್ಲ ಹೈದರಾಬಾದ್ ರಾಜ್ಯದವರು. ನಮ್ಮ ಅಜ್ಜಿ ಮಾತಿಗೊಮ್ಮೆ ಖರೆ, ಅಂದರೆ ನಿಜ, ಅನ್ನುತ್ತಿದ್ದಳು. ಅದು ಮರಾಠಿಯೋ ಕನ್ನಡವೋ ಅಂತ ಅವಳಿಗೆ ಚಿಂತೆ ಇರಲಿಲ್ಲ, ಆಡಿದ್ದು ಖರೆ ಆಗಿರಬೇಕು ಅನ್ನುವುದಷ್ಟೇ ಇತ್ತು.

ಕನ್ನಡ ಬಿಡಬೇಡಿ ಅಂತ ಹೇಳುವುದಕ್ಕೂ ನನಗೆ ಬೈಬಲ್ಲೇ ಆಧಾರ. ಪಂಚಾಶತ್ತಮ ದಿನದಲ್ಲಿ, ಅಂದರೆ ಯೇಸುವಿನ ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದು ಬಂದ ದಿನ, ಯೆರೂಸಲೇಮಿನಲ್ಲಿ ಸೇರಿದ್ದ ದೇಶದೇಶದ ಜನರಿಗೆ ದೇವರು ಒಂದೇ ಭಾಷೆ ಕಲಿಸಲಿಲ್ಲ. ಪ್ರತಿಯೊಬ್ಬನೂ ತನ್ನ ಹುಟ್ಟು ಭಾಷೆಯಲ್ಲಿ ಕೇಳಿದ. ದೇವರೇ ಅಷ್ಟು ಕಷ್ಟ ತೆಗೆದುಕೊಂಡಿದ್ದಾನೆ ಅಂದರೆ ಹುಟ್ಟು ಭಾಷೆ ಸಣ್ಣ ವಿಷಯ ಅಲ್ಲ, ಅಲ್ವಾ? ಯೇಸು ಶಿಲುಬೆಯ ಮೇಲೆ ಕೂಗಿದ್ದೂ ತನ್ನ ಮನೆಮಾತಿನಲ್ಲೇ, ಗ್ರೀಕ್‌ನಲ್ಲಿ ಬರೆದವರು ಆ ಕೂಗನ್ನು ಹಾಗೇ ಅರಾಮಿಕ್‌ನಲ್ಲಿ ಉಳಿಸಿಕೊಂಡರು. ನಮ್ಮ ಭಾನುವಾರದ ಶಾಲೆಯಲ್ಲಿ ಮಕ್ಕಳು ಮರಾಠಿ, ಇಂಗ್ಲಿಷ್ ಓದುತ್ತಾರೆ, ಕನ್ನಡ ಮಾತಾಡುತ್ತಾರೆ, ಅಕ್ಷರ ಬರುವುದಿಲ್ಲ. ಅವರಿಗೆ ಅ ಆ ಇ ಈ ಇಂದ ಶುರು ಮಾಡಿದ್ದೇವೆ. ಆ ಯಾದಗಿರಿಯ ಹುಡುಗ ವಾಪಸ್ ಬಂದಿದ್ದಾನೆ, ಚಿಕ್ಕ ಮಕ್ಕಳಿಗೆ ಅಕ್ಷರ ಬರೆಸುವುದು ಅವನೇ.

ಕಳೆದ ಮಳೆಗಾಲದಲ್ಲಿ ಅವನ ಅಜ್ಜಿಯನ್ನು ಇಲ್ಲಿ ಸರಕಾರಿ ಆಸ್ಪತ್ರೆಗೆ ಸೇರಿಸಿದ್ದರು. ನಾನು ಪ್ರಾರ್ಥನೆ ಮಾಡಲು ಹೋಗಿದ್ದೆ. ಅಜ್ಜಿ ಗೋಡೆ ಕಡೆ ಮುಖ ಮಾಡಿಕೊಂಡು ಮಲಗಿತ್ತು, ಎರಡು ದಿನದಿಂದ ಯಾರಿಗೂ ಉತ್ತರ ಕೊಟ್ಟಿರಲಿಲ್ಲ. ಸುಮ್ನೆ ನೋಯ್ತದ, ನೋಯ್ತದ ಅಂತ ಗೋಡೆಗೆ ಹೇಳುತ್ತಿತ್ತು. ಸಾತಾರಾ ಕಡೆಯ ನರ್ಸ್ ಒಬ್ಬಳು ನನ್ನನ್ನು ನಿಲ್ಲಿಸಿ, ನೋಯ್ತದ ಮ್ಹಣಜೆ ಕಾಯ್, ನೋಯ್ತದ ಅಂದರೆ ಏನು, ಅಂತ ಮರಾಠಿಯಲ್ಲಿ ಕೇಳಿದಳು. ಹೇಳಿದೆ. ಎಲ್ಲಿ ಅನ್ನುವುದಕ್ಕೆ ಏನನ್ನುತ್ತೀರಿ ಅಂತ ಕೇಳಿದಳು. ಅದನ್ನೂ ಹೇಳಿದೆ. ಅಂಗೈ ಮೇಲೆ ಪೆನ್ನಿನಲ್ಲಿ ಮರಾಠಿ ಅಕ್ಷರದಲ್ಲಿ ಬರೆದುಕೊಂಡಳು. ಮಂಚದ ಹತ್ತಿರ ಬಗ್ಗಿ, ಆಜೀ, ಎಲ್ಲಿ ನೋಯ್ತದ ಅಂದಳು. ಅಜ್ಜಿ ತಿರುಗಿತು. ಅವಳ ಕೈ ಹಿಡಿದು ಹೊಟ್ಟೆ ತೋರಿಸಿತು, ಬೆನ್ನು ತೋರಿಸಿತು, ಆಮೇಲೆ ಊರಿನಲ್ಲಿ ಬಿಟ್ಟು ಬಂದ ಎಮ್ಮೆಯ ತನಕ ಎಲ್ಲ ಹೇಳಿತು. ನರ್ಸ್‌ಗೆ ಒಂದು ಮಾತೂ ತಿಳಿಯಲಿಲ್ಲ. ಅಜ್ಜಿ ಹೇಳಿ ಮುಗಿಸುವ ತನಕ ಕೈ ಬಿಡಿಸಿಕೊಳ್ಳದೆ ಅಲ್ಲೇ ಕೂತಿದ್ದಳು.